ಅರ್ಧ ಕೌದಿ

ಎಳ್ಳಮಾಸಿ ಇನ್ನೂ ಎಂಟು ದಿನ ಅದ ಅನ್ನಾಗ
ಮಾಂಜ್ರಾ ದಂಡಿ ಬಿಟ್ಟು ಮಂಜು ಮ್ಯಾಲ ಬರತದ,
ಜನವಾಡದ ಹೊಸ ರಸ್ತೆಗುಂಟ
ಯಾರನ್ನೋ ಹುಡುಕಿದಂಗ ನಡೀತದ.
ಅದು ಬರೂದರಾಗ ಮಷೀನಿನ ಕೆಲಸ ಮುಗೀಬೇಕು.

ಮೊದಲು ಎಣ್ಣಿ. ಬ್ಯಾಸಗಿ ಎಣ್ಣಿ ಬೆಲ್ಲದ ಪಾಕ ಇದ್ದಂಗ,
ಥಂಡಿಗೆ ಪಂಪಿನ ಗಂಟಲದಾಗ ಇಳಿಯಂಗಿಲ್ಲ.
ಇಂಜಿನ್ ಬಿಸಿ ಇದ್ದಾಗ್ಲೇ ಬಿಚ್ಚು, ಕರ್ರಗ ಧಾರಿ ಹೋಗಲಿ,
ತೆಳ್ಳಂದು ಹಾಕು. ಡಬ್ಬಿ ಮ್ಯಾಲಿನ ನಂಬರ್ ಓದು,
ಓದಲಿಕ್ಕ ಬರದಿದ್ರ ಬೆರಳಿಗೆ ಹಚ್ಚಿ ನೋಡು.
ಚಾಂದಪಾಷಾ ಉಸ್ತಾದ ಹಿಂಗೇ ಕಲಿಸ್ಯಾನ,
ಮೂವತ್ತು ವರ್ಷ ಬೆರಳಿನಿಂದ ಓದಿದಾಂವ.

ಫಿಲ್ಟರಿನ ತಳದಾಗ ಒಂದು ತಿರುಪು ಅದ.
ನಸುಕಿನಾಗ ಸಡಿಲ ಮಾಡಿದರ
ಡೀಸೆಲಿಗಿಂತ ಮೊದಲು ನೀರು ಬರತದ.
ಖಾಲಿ ಟ್ಯಾಂಕು ರಾತ್ರಿ ಒಳಗೊಳಗ ಬೆವರತದ ನೋಡು.
ಅದಕ್ಕ ಸಂಜಿಗೇ ತುಂಬಸ್ರಿ ಅಂದ್ರ
ಧನ್ನೂರ ಸಾವ್ಕಾರ ಒಪ್ಪಂಗಿಲ್ಲ:
"ತುಂಬಿದ ಟ್ಯಾಂಕಿಗೆ ಪೈಪ್ ಹಾಕವರು
ಎಷ್ಟು ಮಂದಿ ಅದಾರ, ಗೊತ್ತದೇನು?"
ಕಡೀಕ ತುಂಬತೀವಿ. ಲಖನ್ ಮಹತೋ ಅದರ ಮಗ್ಗಲಿಗೇ ಮಲಗತಾನ.
ಪಲಾಮುದಿಂದ ಬಂದಾಂವ, ನಮ್ಮ ಥಂಡಿಗೆ ನಗತಾನ.
ನಗತಾನ ಖರೆ,
ಎರಡು ಜೋಡಿ ಸಾಕ್ಸ್ ಹಾಕ್ಕೊಂಡು ನಗತಾನ.

ಬ್ಯಾಟರಿ ಮಾತು ಬ್ಯಾರೆ.
ಬಯಲಾಗ ಮಲಗಿದ್ರ ಅದು ಮುಂಜಾನಿ ಏಳಂಗಿಲ್ಲ.
ಕೀಲಿ ತಿರುವಿದ್ರ ಟಕ್ ಅಂತದ, ಮತ್ತ ಟಕ್,
ಮದಿವಿ ಮಾತಿಗೆ ಬಂದವರ ಮುಂದ
ಸ್ವಾದರಮಾವ ನಾಲಿಗಿ ಲೊಚಗುಟ್ಟಿದಂಗ.
ಹಿಂದೊಂದು ಚಳಿಗಾಲದಾಗ ಒಬ್ಬ ಹುಡುಗ, ಹೆಸರು ಬ್ಯಾಡ,
ಇಂಜಿನ್ ಕೆಳಗ ಅರಿಬಿ ಸುಟ್ಟು ಕಾಸಲಿಕ್ಕ ಹೋಗಿ
ಹುಬ್ಬು ಸುಟ್ಟುಕೊಂಡ.
ಹುಬ್ಬು ತಿರುಗಿ ಬಂದಾವ, ಎಡಕ್ಕ ಒಂದೀಟು ಬಾಕಿ.
ನನ್ನ ಕನ್ನಡ್ಯಾಗ ದಿನಾ ಕಾಣತದ.

ಅಂದಿನಿಂದ ಬ್ಯಾಟರಿ ಬಿಚ್ಚಿ, ಬಿಸಿನೀರಿನಿಂದ
ತಲಿ ಮ್ಯಾಲಿನ ಬಿಳೇ ಬೂಸರ ತೊಳೆದು, ಗ್ರೀಸ್ ಸವರಿ
ಪತ್ರಾದ ಶೆಡ್ಡಿಗೆ ಹೊತ್ತು ತರತೀನಿ.
ಕಾಶಮ್ಮ ಹೊಲಿದ ಕೌದಿ ಒಂದೇ ಅದ,
ಅರ್ಧ ಅದಕ್ಕ, ಅರ್ಧ ನನಗ.
ನಡುರಾತ್ರಿ ಎಚ್ಚರಾದ್ರ ಕೈ ತಾನೇ ಹೋಗಿ ಮುಟ್ಟತದ,
ಬೆಚ್ಚಗ ಅದ ಏನು ಅಂತ.

ಐದೂವರಿಗೆ ತಿರುಗಿ ಕೂಡಸೂದು.
ಹೀಟರಿನ ದೀಪ ಆರೂ ತನಕ ಕಾಯಿ.
ಚಾಲೂ ಆತು ಅಂತ ರೇಸ್ ಒತ್ತಬ್ಯಾಡ,
ಹತ್ತು ನಿಮಿಷ ಗುರುಗುಡಲಿ.
ಆಮ್ಯಾಲ ಬೂಮ್ ಮೆಲ್ಲಕ ಎತ್ತು, ಇಳಸು,
ಬಕೆಟ್ ತೆರಿ, ಮುಚ್ಚು,
ಮುಂಜಾನಿ ಮುದುಕಿ ಬೆರಳು ಮಡಚಿ ಬಿಡಿಸಿದಂಗ.
ಪೈಪಿನೊಳಗ ಎಣ್ಣಿ ಬಿಸಿ ಆದ್ರ ಧ್ವನಿ ಬದಲಾಗತದ.
ಆ ಧ್ವನಿ ಹ್ಯಾಂಗ ಅಂತ ನನಗ ಹೇಳಲಿಕ್ಕ ಬರಂಗಿಲ್ಲ.
ನಿಂತು ಕೇಳು.

ಹೋದ ಹೋಳಿ ಹುಣ್ಣಿವಿಗೆ ಊರಿಗೆ ಹೋದಾಗ
ಕಾಶಮ್ಮ ಕೌದಿ ಬಿಸಲಿಗೆ ಹಿಡಿದಳು.
ಹನ್ನೊಂದು ತೂತು. ಸುತ್ತ ಅರಿಬಿ ಪುಡಿಪುಡಿ.
"ನಿನ್ನ ಮಗ್ಗಲಿಗೆ ಮಲಗಿದಾಕಿಗೆ
ಹಲ್ಲು ಭಾಳ ಅದಾವ" ಅಂದಳು.
ಬ್ಯಾಟರಿದು ಆಸಿಡ್, ಒಳಗ ಆರು ಮನಿ ಇರತಾವ,
ಒಂದೊಂದಕ್ಕ ನೀರು ಹಾಕಬೇಕು ಅಂತ
ಏನೇನೋ ಬಡಬಡಿಸಿದೆ.
ನಕ್ಕಳೋ ಇಲ್ಲೋ. ಬಾಯಾಗ ಸೂಜಿ ಇತ್ತು.

ಈಗ ತೇಪಿ ಹಚ್ಚಿದ ಕೌದಿ ಬಸ್ಸಿನಾಗ ಬಂದದ,
ಜೋಡಿ ಇನ್ನೊಂದು, ಕೂಸಿಗೆ ಹೊಲಿದಷ್ಟು ಸಣ್ಣದು,
ಒಳಗ ಟ್ಯೂಬಿನ ರಬ್ಬರ್ ಇಟ್ಟು ಹೊಲ್ದಾಳ.
ಅಳತಿ ಕೇಳಿದ್ದಿಲ್ಲ ಆಕಿ.
ಒಂದು ಕಡಿ ನಾಕು ಬೆರಳು ಕಮ್ಮಿ ಬೀಳತದ.
ಇರಲಿ, ಅಷ್ಟು ಥಂಡಿ ತಡೀತದ ಅದು.

ಹೂಂ, ಆ ಹಿಡಿಕಿ ನೀ ಹಿಡಿ.
ಸೊಂಟ ಬಗ್ಗಸಬ್ಯಾಡ, ಮೊಳಕಾಲು ಮಡಚು.
ಭಾರ ಅದ.