ಬೇವಿನ ಕದ

ತಲಬಾಗಿಲಿಗೆ ಚೌಕಟ್ಟು ಒಂದೇ, ಕದ ಎರಡು ಜಾತಿ.
ಎಡದ್ದು ಸಾಗುವಾನಿ, ಹಿತ್ತಾಳೆ ಗುಬ್ಬಿ ಇಪ್ಪತ್ತೊಂದು;
ಬಲದ್ದು ಬೇವು, ಬೋಳು, ಮೊಳೆಗಳೂ ಹಳೇ ಬಂಡಿಯವು.
"ಮಗಳನ್ನ ನೋಡಾಕ ಸೊಲ್ಲಾಪುರದ ಮಂದಿ ಬರತಾರ, ಮೌನೇಶ,
ಎರಡೂ ಒಂದ ಥರಾ ಮಾಡು," ಅಂದ ಬಿರಾಜದಾರ.

ಅಳತೆಕೋಲು ಹಿಡಿದು ಒಳಗೆ ಹೋದೆ.
ಗೋಡೆ ಎರಡು ಮೊಳ ದಪ್ಪ. ಅದರ ಹೊಟ್ಟೆಯೊಳಗೇ
ಮೆಟ್ಟಿಲು ಮ್ಯಾಳಗಿಗೆ ಏರುತ್ತದೆ, ಹತ್ತುವವರ ಹೆಗಲು ಸವರುತ್ತ.
ಮ್ಯಾಳಗಿಯ ಮೇಲೆ ಹಾಳಮಣ್ಣು, ಮಿರಗ ಕೂಡುವ ಮೊದಲು
ವರ್ಷಕ್ಕೆ ನಾಲ್ಕು ಪುಟ್ಟಿ;
ಅಷ್ಟೂ ವರ್ಷಗಳ ಪುಟ್ಟಿ ಹೊತ್ತು
ನಡುತೊಲೆ ಬಾಗಿದೆ, ಮುರಿದಿಲ್ಲ.
ಬೆಳಕಿಂಡಿಯಿಂದ ರೊಟ್ಟಿಯಗಲ ಬಿಸಿಲು
ಪಡಸಾಲೆಗಿಳಿದು ಮಧ್ಯಾಹ್ನಕ್ಕೆ ಒರಳು ಮುಟ್ಟುತ್ತದೆ.
ಗಡಿಯಾರ ಬಂದದ್ದು ಆಮೇಲೆ. ಅದು ನಿಂತೂ ಆಯಿತು.
ದನ ಮುಂದೆ, ಮಂದಿ ಹಿಂದೆ, ದೇವರು ಅಡಿಗೆಮನೆ ಮೂಲೆಗೆ,
ಜೋಳ ಎಲ್ಲರ ಕಾಲ ಕೆಳಗೆ, ಹಗೇವಿನಲ್ಲಿ.

ಅವನ ತಾಯಿ ಸುಗಲಾಬಾಯಿ
ಶೇಂಗಾ ಒಡೆಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.
"ರಜಾಕಾರರ ವರ್ಷ ಅಂತ. ನಮ್ಮತ್ತಿ ಹೇಳತಿದ್ದಳು.
ಬೋರಿ ತುಂಬಿತ್ತು. ಆಚಿ ಕಡೆ ನಿಜಾಮನ ಸೀಮಿ,
ದಂಡ್ಯಾಗ ಕೂಸು ಕಟಗೊಂಡ ಹೆಂಗಸರು.
ಮಾವನ ತಮ್ಮ ಕದಾ ಕಿತ್ತಿದ. ಹಗ್ಗಾ ಬಿಗದು
ಅದರ ಮ್ಯಾಲ ಕೂಡಿಸಿ ತಂದ, ಏಳು ಸಲ.
ಎಂಟನೇದಕ್ಕ ಹೊಳಿ ಒಯ್ತು."
"ಏನನ್ನ?"
"ಕದಾನ," ಅಂದಳು.
ಆಮೇಲೆ ಬಹಳ ಹೊತ್ತು ಶೇಂಗಾ ಒಡೆದಳು.

ಬೇವಿನ ಕದ ತಿರುಗಿಸಿ ಬೆನ್ನು ನೋಡಿದೆ.
ಬಾಚಿಯ ಏಟು ಎಲ್ಲ ಓರೆ, ಎಡಗೈಯವು.
ನಮ್ಮ ಮನೆತನದಲ್ಲಿ ಎಡಚ ಒಬ್ಬನೇ, ಮುತ್ತ್ಯಾ ಕಾಳಪ್ಪ.
ಹಸಿ ಮರ, ಅವಸರ, ಕಂದೀಲ ಬೆಳಕು;
ಬಾಗಿಲಿಲ್ಲದೆ ಮನೆ ಬೆಳಗು ಮಾಡಬಾರದೆಂದು.
ಒಣಗುತ್ತ ಒಣಗುತ್ತ ಬಿಟ್ಟ ಬಿರುಕು
ಈಗ ನನ್ನ ಕಿರುಬೆರಳು ತೂರುವಷ್ಟು.

ಕೆಳಗಿನ ಅಂಚು ನೆಲ ಕೆರೆಯುತ್ತಿತ್ತು, ಅಷ್ಟೇ ಹೆರೆದೆ.
ತಿರುಗಣಿಗೆ ಕುಸುಬೆಣ್ಣೆ ಬಿಟ್ಟೆ.
ಬಿರಾಜದಾರ ಸಿಟ್ಟಾದ, ಅರ್ಧ ಕೂಲಿ ಕೊಟ್ಟ,
ತಾಯಿಯ ಮುಖ ನೋಡಿ ಇನ್ನೊಂದು ನೋಟು ಸೇರಿಸಿದ.

ಪಂಚಾಯತಿಯ ಮರಾಠಿ ವಹಿಯಲ್ಲಿ
ಈ ಮನೆಗೆ ಒಂದೇ ಸಾಲು:
ಭಿಂತ ಕಲ್ಲು-ಮಣ್ಣು, ವಯಸ್ಸು ಗೊತ್ತಿಲ್ಲ,
ದರವಾಜಾ ಒಂದು.