ತೂಕಕ್ಕೆ ತಂದ ಒಲೆ

ಉಪ್ಪಳದ ಅಂದುಂಞಿ ಯಾವುದನ್ನೂ ಹೆಸರು ಹೇಳಿ ಮಾರುವುದಿಲ್ಲ,
ತೂಕಕ್ಕೆ ಹಾಕುತ್ತಾನೆ.
ಫ್ರಿಜ್ಜು, ಫ್ಯಾನು, ಮಕ್ಕಳ ಸೈಕಲ್ಲು,
ಶಾರ್ಜಾದಿಂದ ಕಂಟೇನರಿನಲ್ಲಿ ಬಂದು
ಯಾರದೋ ತಾರಸಿಯಲ್ಲಿ ಎರಡು ಮಳೆಗಾಲ ನೆನೆದ ಈ ಗ್ಯಾಸ್ ಗ್ರಿಲ್ಲು,
ಎಲ್ಲ ಕಿಲೋಕ್ಕೆ ನಲ್ವತ್ತು.
ನಲ್ವತ್ತೊಂದು ಕಿಲೋ ಬಂತು.
"ಜಿಡ್ಡಿಗೂ ದುಡ್ಡಾ ಮಾರಾಯಾ?" ಅಂದೆ.
"ಜಿಡ್ಡು ಕೆರೆದು ತಾ, ತೂಗಿ ವಾಪಸು ಕೊಡ್ತೇನೆ" ಅಂದ.
ನಗಲಿಲ್ಲ.

ನನ್ನದು ಬೋಟಿನ ಇಂಜಿನಿನ ಕೆಲಸ.
ಡೀಸೆಲ್ಲಿನ ಮಸಿ ನನಗೆ ಗೊತ್ತು, ಅದು ಸೋಪಿಗೆ ಹೆದರುತ್ತದೆ.
ಇದು ಬೇರೆ ಜಾತಿ.
ಕೊಬ್ಬು ಸುಟ್ಟು, ಆರಿ, ಮತ್ತೆ ಸುಟ್ಟು
ಹಲಸಿನ ಮೇಣದ ಹಾಗೆ ಹಿಡಿದುಕೊಂಡದ್ದು,
ಮೇಲೆ ಅಲ್ಲಿಯ ಮರಳು, ಅದರ ಮೇಲೆ ಇಲ್ಲಿಯ ಪಾಚಿ.
ಜಲಜಾಕ್ಷಿ ಸೆರಗು ಮೂಗಿಗೆ ಹಿಡಿದು
ಬಿಸಿನೀರಿಗೆ ಸೋಡಾಪುಡಿ ಕಲಸಿಕೊಟ್ಟಳು:
"ಅಂಗಳದಲ್ಲೇ ಆಗಲಿ ನಿಮ್ಮ ಈ ಬಾಣಂತನ."

ಕಂಬಿಗಳನ್ನು ರಾತ್ರಿಯಿಡೀ ನೆನೆಹಾಕಿದೆ.
ಬೆಳಿಗ್ಗೆ ತೆಂಗಿನ ನಾರು, ಬೂದಿ, ತಂತಿಯ ಬ್ರಶ್ಶು,
ಕೊನೆಗೆ ಉಗುರು.
ಮಧ್ಯಾಹ್ನದ ಹೊತ್ತಿಗೆ ಮುಚ್ಚಳದ ಮೂಲೆಯಲ್ಲಿ
ಅರಬಿಯ ಒಂದು ಸಾಲು ಮೇಲೆ ಬಂತು.
ಶಾಲೆಯಲ್ಲಿ ಅರಬಿ ಕಲಿಯುವ ಆಚೆಮನೆಯ ಫಸೀಲ
ಬೇಲಿಗೆ ಗಲ್ಲ ಊರಿ, ಕೂಡಿಸಿ ಕೂಡಿಸಿ ಓದಿ ಹೇಳಿದಳು:
"ಮಕ್ಕಳನ್ನು ದೂರ ಇಡಿ."
ಹೇಳಿ, ಇನ್ನೂ ಹತ್ತಿರ ಬಂದಳು.

ಬರ್ನರು ಮೂರು. ತೂತು ಒಂದೊಂದಕ್ಕೆ ಮೂವತ್ತೆರಡು.
ಸೈಕಲ್ಲಿನ ಸ್ಪೋಕು ಚೂಪು ಮಾಡಿ ಒಂದೊಂದನ್ನೇ ಚುಚ್ಚಿದೆ,
ಕೂಸಿನ ಕಿವಿ ಚುಚ್ಚುವ ಅಕ್ಕಸಾಲಿಯ ಹಾಗೆ ಉಸಿರು ಹಿಡಿದು.
ಮೂರನೆಯದರ ಕೊಳವೆಯಲ್ಲಿ ಮಾತ್ರ
ಎಷ್ಟು ಊದಿದರೂ ಗಾಳಿ ಹೋಗಲಿಲ್ಲ.
ನೆಲಕ್ಕೆ ಕುಟ್ಟಿದೆ. ಬಿತ್ತು
ಹೆಬ್ಬೆರಳಿನಷ್ಟು ಮಣ್ಣಿನ ಮನೆ, ಕಣಜ ಕಟ್ಟಿದ್ದು.
ಒಡೆದ ಅಂಚಿನಿಂದ ಇಣುಕಿದರೆ
ಸಾಯದೆ, ಅಲುಗದೆ, ಅಡಕಿಟ್ಟ ಏಳು ಜೇಡ;
ನಡುವೆ ಅಕ್ಕಿಕಾಳಿನಂಥ ಒಂದು ಬಿಳಿ ಮರಿ,
ಉಣ್ಣುತ್ತಾ ಇತ್ತು.

ಬೆಂಕಿಯಿಲ್ಲದೆ ಬಿದ್ದಿದೆ ಅಂದುಕೊಂಡಿದ್ದೆ.
ಒಲೆ ಸುಮ್ಮನೆ ಕೂತಿರಲಿಲ್ಲ.

ಆ ಮಣ್ಣನ್ನು ಪಂಪುಶೆಡ್ಡಿನ ಕಿಟಕಿಯಲ್ಲಿಟ್ಟೆ.
ಬದುಕುತ್ತದೋ ಇಲ್ಲವೋ.

ಅಲ್ಲಿಯ ರೆಗ್ಯುಲೇಟರಿಗೆ ಇಲ್ಲಿಯ ಸಿಲಿಂಡರು ಬಾಯಿ ಕೊಡುವುದಿಲ್ಲ;
ಹೊಸಂಗಡಿಯಿಂದ ಬೇರೆ ತಂದೆ, ಒಂದು ಪೈಪು, ಎರಡು ಕ್ಲಿಪ್ಪು.
ಜೋಡಣೆಗೆ ಸೋಪಿನ ನೊರೆ ಹಚ್ಚಿ ಕಾದೆ.
ಒಂದು ಗುಳ್ಳೆ ದೊಡ್ಡದಾಯಿತು. ಬಿಗಿದೆ.
ಮತ್ತೆ ಹಚ್ಚಿದೆ. ಗುಳ್ಳೆ ಇಲ್ಲ.
ಕಡ್ಡಿ ಗೀರಿದೆ: ಮೊದಲು ಹಳದಿ, ಕೆಮ್ಮು,
ಆಮೇಲೆ ಸಾಲಾಗಿ ನೀಲಿ, ತೊಂಬತ್ತಾರು.

ಮುಚ್ಚಳದ ಬಿಸಿ ಅಳೆಯುವ ಗಡಿಯಾರ ಮಾತ್ರ ರಿಪೇರಿ ಆಗಲಿಲ್ಲ.
ತಣ್ಣಗಿದ್ದರೂ ಇನ್ನೂರು, ಕಾದರೂ ಇನ್ನೂರು;
ಯಾರದೋ ಒಂದು ರಜೆಯ ರಾತ್ರಿ ಅಲ್ಲೇ ನಿಂತಿರಬೇಕು.
ಕಿತ್ತೆಸೆಯಲು ಸ್ಕ್ರೂಡ್ರೈವರ್ ಹಿಡಿದವ, ಬಿಟ್ಟೆ.

ಬಂಗುಡೆ ಎಂಟು. ಕಂಬಿಗೆ ತೆಂಗಿನೆಣ್ಣೆ.
ಮೊದಲನೆಯದು ಅಂಟಿ ಬೆನ್ನು ಹರಿಯಿತು, ಅದು ನನ್ನ ಪಾಲು.
ಫಸೀಲ ಬೇಲಿಯ ಮೇಲಿಂದ ತಟ್ಟೆ ಚಾಚಿದಳು.
ಕೆರೆದ ಜಿಡ್ಡು ಪೇಂಟಿನ ಡಬ್ಬಿಯಲ್ಲಿ ಕೂತಿದೆ,
ಎರಡೂವರೆ ಕಿಲೋ, ನೂರು ರೂಪಾಯಿ.
ಸೋಮವಾರ ಅಂದುಂಞಿಯಲ್ಲಿಗೆ ಹೋಗುವುದುಂಟು.

ಆಗ ಬಂತು, ಬಾಯಲ್ಲಿ ಹಸಿಮಣ್ಣಿನ ಉಂಡೆ ಕಚ್ಚಿಕೊಂಡು.
ಉಪ್ಪಳದಿಂದ ಬೆನ್ನು ಹಿಡಿದು ಬಂದದ್ದೋ, ಇಲ್ಲಿಯದೇ ಇನ್ನೊಂದೋ.
ಗ್ರಿಲ್ಲಿಗೆ ಒಂದು ಸುತ್ತು,
ಹೊಗೆಗೆ ಹಿಂದೆ ಸರಿದು ಇನ್ನೊಂದು.
ಕೊಳವೆಯ ಬಾಯಿಗೆ ನಾನು ಬಲೆ ಬಿಗಿದಾಗಿತ್ತು.
ಉರಿ ಸ್ವಲ್ಪ ತಗ್ಗಿಸಿದೆ,
ಯಾಕೆಂದು ಕೇಳಬೇಡಿ,
ಮೀನು ಇನ್ನೂ ಬೆಂದಿರಲಿಲ್ಲ.