ಏಳನೆಯ ನೀರು

ಅತ್ತೆ ಎವುಡು ಎಂಡೋಲೆ ಸೊಪ್ಪು ತಿಕ್ಕುತ್ತಾಳೆ
ಕೊಳೆ ಬಟ್ಟೆ ತಿಕ್ಕಿದ ಹಾಗೆ.
ಸಾಬೂನಿಲ್ಲ, ಆದರೂ ಟಬ್ಬಿನ ತುಂಬ ನೊರೆ,
ಮೊಣಕೈವರೆಗೆ ಹಸಿರು.
ಒಂದನೆಯ ನೀರು ಚರಂಡಿಗೆ.
ಎರಡನೆಯದು ಚರಂಡಿಗೆ.
ಮೂರನೆಯದನ್ನು ದುವಾಲಾದ ಮಳೆ
ಕೇಳದೆ ಕೇಳಿಸದೆ ತಾನೇ ಒಯ್ಯುತ್ತದೆ
ವೂರಿ ನದಿಯ ಕಡೆಗೆ.

ಏಳು ನೀರು, ಅನ್ನುತ್ತಾಳೆ.
ಆರಕ್ಕೆ ನಿಲ್ಲಿಸಿದರೆ ಔಷಧಿ,
ಎಂಟಾದರೆ ಬರೀ ಹುಲ್ಲು.
ಏಳರಲ್ಲಿ ಉಳಿಯುತ್ತದಲ್ಲ
ನಾಲಿಗೆಯ ಬುಡದಲ್ಲಿ ಒಂದು ಚೂರು,
ಅದೇ ನಮ್ಮ ಮನೆ.

ಕ್ಲಿನಿಕ್ಕಿನ ನರ್ಸ್ ಕೊಟ್ಟ ಹಾಳೆಯಲ್ಲಿ
ಗಜ್ಜರಿ ಇದೆ, ಕುಂಬಳ ಇದೆ, ಬಾಳೆಹಣ್ಣು ಇದೆ,
ಒಂದೊಂದಕ್ಕೂ ನಗುವ ಕಣ್ಣು ಬರೆದಿದ್ದಾರೆ.
ಕಹಿಗೆ ಚಿತ್ರವಿಲ್ಲ.
'ಹತ್ತು ಸಲ ಕೊಡು, ಹನ್ನೊಂದನೆಯ ಸಲ ತಿಂದಾನು'
ಅಂತ ಬಾಯಲ್ಲಿ ಹೇಳಿ ಕಳಿಸಿದಳು.
ಹತ್ತು ಸಲ!
ಅವಳಿಗೆ ನನ್ನ ದೀಪೋಕೊ ಗೊತ್ತಿಲ್ಲ.

ಮೊದಲ ಸಲ ಅವನ ಮುಖ
ಒಣಸಿಗಡಿಯ ಹಾಗೆ ಮುದುರಿತು.
ಎರಡನೆಯ ಸಲ ಉಗಿದ,
ಚರ್ಚಿಗೆಂದು ಇಸ್ತ್ರಿ ಮಾಡಿದ ನನ್ನ ನಿಲುವಂಗಿಯ ಮೇಲೆ.
ಮೂರನೆಯ ಸಲ ತುಟಿ ಬಿಗಿದ
ಸಂತೆ ಮುಗಿದ ಅಂಗಡಿಯ ಷಟರಿನಂತೆ.
ನಾಲ್ಕನೆಯ ಸಲ ಶೇಂಗಾ ಮುದ್ದೆಯಲ್ಲಿ ಬಚ್ಚಿಟ್ಟು ಕೊಟ್ಟೆ.
ಶೇಂಗಾ ನುಂಗಿ, ಎಲೆಯ ಚೂರನ್ನು
ನಾಲಿಗೆಯ ತುದಿಯಲ್ಲಿಟ್ಟು ತೋರಿಸಿದ
ತಪ್ಪು ವಿಳಾಸಕ್ಕೆ ಬಂದ ಪತ್ರ
ವಾಪಸು ಕೊಡುವ ಹಾಗೆ.
ಆಮೇಲೆ ನಾನು ಎಣಿಸಲಿಲ್ಲ.

ಒಂದೂವರೆ ವರ್ಷ ತುಂಬಿತು. ನಾನು ಮತ್ತೆ
ಬೊನಾಬೇರಿಯ ದಡಕ್ಕೆ, ಮೀನಿಗೆ ಹೊಗೆ ಹಾಕಲು ಹೋಗಬೇಕು.
ಮೊಲೆ ಬಿಡಿಸು, ಎಂದಳು ಅತ್ತೆ.
ಆ ದಿನ ಒಂದನೆಯ ನೀರನ್ನು ಚೆಲ್ಲದೆ
ಲೋಟದಲ್ಲಿ ಮುಚ್ಚಿಟ್ಟಳು.
ನಮ್ಮಮ್ಮನೂ ಹೀಗೇ ಮಾಡಿದ್ದಳಂತೆ, ಅವಳಮ್ಮನೂ.
ಬೆರಳದ್ದಿ ತೊಟ್ಟಿನ ಸುತ್ತ ಸವರಿಕೊಂಡೆ,
ನನ್ನ ಮನೆಗೆ ನಾನೇ
ಹೊರಗಿನಿಂದ ಬೀಗ ಜಡಿದ ಹಾಗೆ.

ಕರೆಂಟಿರಲಿಲ್ಲ. ವಾಸನೆಯ ಜಾಡು ಹಿಡಿದು
ಚಾಪೆಯ ಮೇಲೆ ತೆವಳಿ ಬಂದ.
ಬಾಯಿಟ್ಟ.
ಬಿಟ್ಟ.
ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ,
ಅಷ್ಟು ನನ್ನ ಪುಣ್ಯ.
ಅತ್ತ. ಅಳು ನಿಲ್ಲಿಸಿದ.
ಒಳಗೊಳಗೇ ಏನೋ ಲೆಕ್ಕ ಹಾಕಿದ ಹಾಗಿತ್ತು.
ಮತ್ತೆ ಬಾಯಿಟ್ಟ.
ಕಹಿಯನ್ನು ಚೀಪಿ ಚೀಪಿ, ನುಂಗಿ,
ಅದರ ಆಚೆಗಿದ್ದ ಹಾಲು ಮುಟ್ಟಿದ.
ನಾನು ತಡೆಯಲಿಲ್ಲ. ಅತ್ತೆಗೆ ಹೇಳಲೂ ಇಲ್ಲ.

ಮೂರು ರಾತ್ರಿ ಹೀಗೆ.
ನಾಲ್ಕನೆಯ ರಾತ್ರಿ ಅವನು ಬರಲೇ ಇಲ್ಲ.
ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದ, ಬೆರಳು ಬಾಯಲ್ಲಿ.
ನನ್ನ ಅಂಗಿ ಒದ್ದೆಯಾಗಿ
ತಾನೇ ಒಣಗಿತು.

ಭಾನುವಾರ. ಏಳು ನೀರಾದ ಸೊಪ್ಪು
ಪಾತ್ರೆಯಲ್ಲಿ ಶೇಂಗಾ ಸಿಗಡಿಗಳ ಜೊತೆ ಕೊತಕೊತ.
ಮರಗೆಣಸಿನ ಮಿಯೊಂಡೊಗೆ ಸುತ್ತಿದ ಎಲೆ ಬಿಚ್ಚುತ್ತ
ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು.
ಯಾರೂ ಅವನಿಗೆ ಕೊಡಲಿಲ್ಲ.
ಅವನೇ ನನ್ನ ತಟ್ಟೆಗೆ ಕೈ ಹಾಕಿದ,
ಮೀನು ಸರಿಸಿ ಸೊಪ್ಪು ಹಿಡಿದ,
ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತ
ಮರೆತ ಹೆಸರು ನೆನಪಾಗುತ್ತಿರುವವನಂತೆ.
ಮುಖ ಮುದುರಲಿಲ್ಲ ಅಂತಲ್ಲ, ಮುದುರಿತು.
ಮುದುರಿದ ಮುಖದಲ್ಲೇ ಅಗಿದ.
ನನ್ನ ಎದೆಯ ಕಡೆ ಒಮ್ಮೆ ನೋಡಿದ,
ತಟ್ಟೆಯ ಕಡೆ ಒಮ್ಮೆ.
ಮತ್ತೆ ಕೈ ಹಾಕಿದ.

'ನೋಡಿದೆಯಾ, ಏಳು ನೀರು!'
ಗೆದ್ದ ಜಟ್ಟಿಯಂತೆ ತೊಡೆ ತಟ್ಟಿದಳು ಅತ್ತೆ.
ಹೌದತ್ತೆ, ಅಂದೆ.
ಒಂದನೆಯ ನೀರಿನ ಮಾತು
ನನಗೂ ಅವನಿಗೂ ಇರಲಿ,
ಅವನು ಮರೆತ ಮೇಲೆ
ನನಗೊಬ್ಬಳಿಗೆ.